ಪೂಜೆ ಮನೆಯ ಹಿತ್ತಿಲಿಗೆ ಬಂಗುಡೆ

ಮೀನು ಕೊಳ್ಳುವವರ ಕಣ್ಣು ಮೀನಿನ ಮೇಲಿರುತ್ತದೆ. ಕಿವಿರು ಬಿಡಿಸಿ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ನಿನ್ನೆಯದ್ದು ಎಂದು ಸುಮ್ಮನೆ ಜಗಳ ತೆಗೆಯುತ್ತಾರೆ. ಐವತ್ತು ವರ್ಷದಿಂದ ಬುಟ್ಟಿ ಹೊತ್ತಿದ್ದೇನೆ, ಇಷ್ಟು ನನಗೆ ಗೊತ್ತು. ಆ ಅಮ್ಮ ಮಾತ್ರ ಮೀನು ನೋಡಲಿಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು. ಅಲ್ಲಿಗೇ ನನಗೆ ಸಂಶಯ ಬಂತು.

ಸಾಲಿಗ್ರಾಮದ ಹತ್ತಿರ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ಸಿಗುವ ಮನೆಗಳಲ್ಲಿ ಅದೂ ಒಂದು. ಪಕ್ಕದಲ್ಲೇ ಸಣ್ಣ ದೇವಸ್ಥಾನ. ಯಾವ ದೇವರು ಎಂದು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಹೋಗಿ ಹಿತ್ತಿಲಲ್ಲಿ ಇಣುಕುತ್ತಾರೆ. ಯಜಮಾನರು ಅಲ್ಲಿ ಪೂಜೆಯ ಭಟ್ರು. ದೇವಸ್ಥಾನಕ್ಕೆ ಬೇರೆ ಅಡುಗೆಯವರಿಲ್ಲ, ನೈವೇದ್ಯ ಭಟ್ರ ಮನೆಯಲ್ಲೇ ಬೇಯಬೇಕು. ಬೇಯಿಸುವವರು ಈ ಅಮ್ಮ, ಭಟ್ರ ಹೆಂಡತಿ. ನನಗಿಂತ ಇಪ್ಪತ್ತು ವರ್ಷ ಸಣ್ಣವರು. ಆದರೂ ನಾನು ಅವರಿಗೆ ಅಮ್ಮ ಎನ್ನಬೇಕು, ಅವರು ನನಗೆ ನೀನು ಎನ್ನಬೇಕು. ನಮ್ಮಲ್ಲಿ ನಡೆದುಬಂದದ್ದು ಹಾಗೆ.

ಈಗ ಮೀನು ಮಾರುವವರೆಲ್ಲ ಸ್ಕೂಟರಿನಲ್ಲಿ ಬರುತ್ತಾರೆ, ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತಾರೆ. ನಾನು ಇನ್ನೂ ನಡೆದೇ ಹೋಗುವವಳು. ಅಂದು ಮಧ್ಯಾಹ್ನದ ಪೂಜೆಯ ಗಂಟೆ ಕೇಳುತ್ತಿತ್ತು. ಬೇಲಿಯ ಹಿಂದಿನಿಂದ ಯಾರೋ ಕರೆದರು.

"ಹ್ವಾಯ್, ಇಲ್ ಕಾಣ್."

ಹಿತ್ತಿಲ ಕಡೆಯ ಬೇಲಿಬಾಗಿಲಲ್ಲಿ, ದಣಪೆಯಲ್ಲಿ, ಅಮ್ಮ ನಿಂತಿದ್ದರು. ಒದ್ದೆ ಕೂದಲು, ಹಣೆಯಲ್ಲಿ ಕುಂಕುಮ.

"ಎಂತ ಅಮ್ಮ?"

"ವಾಸ್ನೆ ಬಪ್ಪುದಿಲ್ದಿದ್ ಮೀನ್ ಇತ್ತಾ?"

"ವಾಸ್ನೆ ಇಲ್ದಿದ್ದೇ ಬೇಕಾರೆ ಬಾಳೆಕಾಯಿ ತಕಣಿ ಅಮ್ಮ."

"ನೆಗಿ ಮಾಡ್ಬೇಡ ಮಾರಾಯ್ತಿ. ಇದ್ರಲ್ಲಿ ಬಂಗ್ಡೆ ಅಂದ್ರೆ ಯಾವ್ದ್?"

ಬುಟ್ಟಿಯಲ್ಲಿ ಇದ್ದದ್ದೆಲ್ಲ ಬಂಗುಡೆಯೇ. ಎರಡು ತೆಗೆದು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡು ಕೊಟ್ಟಿಗೆಯ ಹಿಂದೆ ಹೋದರು. ನಾನು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಬೇಲಿಯ ಆಚೆ ಬೇರೆ ಯಾರಾದರೂ ಅಡಗಿದ್ದಾರೆಯೇ ಎಂದು. ಏಕೆಂದರೆ ಅದರ ಹಿಂದಿನ ವರ್ಷ ಭಟ್ರ ದಾಯಾದಿ ಒಬ್ಬ, ಅವರ ದೊಡ್ಡಪ್ಪನ ಮಗ, ದೇವಸ್ಥಾನದ ದಾರಿಯಲ್ಲಿ ಮೀನು ಒಯ್ಯಬಾರದು ಎಂದು ನನ್ನನ್ನು ನಿಲ್ಲಿಸಿ ಬೈದಿದ್ದ. ಇದು ನನ್ನನ್ನು ಸಿಕ್ಕಿಸುವ ಉಪಾಯ ಎಂದುಕೊಂಡೆ.

ಮೂರು ದಿನ ಬಿಟ್ಟು ಮತ್ತೆ ಕರೆದರು. ಮತ್ತೆ ಎರಡು. ಹೀಗೆ ಮೂರು ವಾರ. ಯಾರೂ ಬಂದು ನನ್ನನ್ನು ಹಿಡಿಯಲಿಲ್ಲ. ಆಗ ಬೇರೆ ಸಂಶಯ ಶುರುವಾಯಿತು. ಮಾಟಕ್ಕೆ ಇರಬಹುದೇ? ಮಾಟಕ್ಕಾದರೆ ಕೋಳಿ ಸಾಕು, ಬಂಗುಡೆ ಏಕೆ? ಇವರೇ ತಿನ್ನುತ್ತಾರೆ ಎಂದು ಒಂದು ದಿನ ಖಾತ್ರಿ ಮಾಡಿಕೊಂಡೆ. ನೈವೇದ್ಯ ಬೇಯಿಸುವ ಕೈ, ಹಿತ್ತಿಲಲ್ಲಿ ಮೀನು. ಮುಂದೆ ಶಂಖ, ಹಿಂದೆ ಮುಳ್ಳು. ಅವರು ಮಾತಾಡುವಾಗ ನಾನು ಅವರ ಹಲ್ಲು ನೋಡುತ್ತಿದ್ದೆ.

ಭಕ್ತಿಯವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಅದಕ್ಕೆ ನನ್ನ ಗಂಡ ಕಾರಣ. ಸತ್ತು ಹನ್ನೆರಡು ವರ್ಷವಾಯಿತು, ಈಗ ಹೇಳಿದರೆ ತಪ್ಪಿಲ್ಲ. ಒಂದು ವರ್ಷ ಮಾಲೆ ಹಾಕಿ ವ್ರತ ಹಿಡಿದ. ಹಿಡಿದವನು ಅವನು, ಮೀನು ಬಿಟ್ಟವರು ನಾವೆಲ್ಲ. ಮೀನಿನ ಮಣ್ಣಿನ ಅಳಗೆಯನ್ನು ಹೊರಗೆ ಕವುಚಿ ಹಾಕಿಸಿದ. ಮಕ್ಕಳು ಹುರುಳಿ ಸಾರಿನ ಮುಂದೆ ಕೂತು ಅಳುತ್ತಿದ್ದವು. ಕಡಲ ಬದಿಯ ಮಕ್ಕಳಿಗೆ ಮೀನಿಲ್ಲದೆ ಅನ್ನ ಇಳಿಯುತ್ತದೆಯೇ? ಅತ್ತರೆ ಹೊಡೆಯುತ್ತಿದ್ದ, ಸ್ವಾಮಿಯ ಮುಂದೆ ಅಳಬಾರದು ಎಂದು. ಇಪ್ಪತ್ತನೇ ದಿನವೋ ಏನೋ, ನಾನು ಕುಂದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ಒಳಗೆ ಮೂಲೆಯಲ್ಲಿ ಕೂತು ಹುರಿದ ಕಾಣೆ ಮೀನು ತಿನ್ನುತ್ತಿದ್ದ. ಕೊರಳಲ್ಲಿ ಮಾಲೆ ಇತ್ತು, ಅದನ್ನು ಅಂಗಿಯೊಳಗೆ ತೂರಿಸಿದ್ದ. ನಾನು ಬಾಗಿಲಲ್ಲಿ ನಿಂತು, "ಸ್ವಾಮೀ, ಮುಳ್ ಕಾಣಿ" ಎಂದೆ. ಆ ದಿನ ಸಂಜೆಯೇ ಅಳಗೆ ಒಳಗೆ ಬಂತು.

ಹಾಗೆಂದು ನಾನು ದೇವರಿಲ್ಲದವಳಲ್ಲ. ಸೋಮವಾರ ಮೀನು ಮಾರುತ್ತೇನೆ, ತಿನ್ನುವುದಿಲ್ಲ. ಮಗ ಆಳಸಮುದ್ರದ ಬೋಟಿಗೆ ಹೋಗುವವನು. ಮಗನನ್ನು ನೀರಿಗೆ ಕಳಿಸಿದವರು ದೇವರ ಹತ್ತಿರ ಜಗಳ ಮಾಡಬಹುದು, ಸಂಬಂಧ ಬಿಡಲಿಕ್ಕೆ ಆಗುವುದಿಲ್ಲ.

ಒಂದು ದಿನ ಅಮ್ಮ ಕರೆಯಲಿಲ್ಲ. ದಣಪೆಯ ಹತ್ತಿರ ಬೆಕ್ಕೊಂದು ಏನನ್ನೋ ಮೂಸಿ ಬಿಟ್ಟು ಹೋಗುತ್ತಿತ್ತು. ಹೋಗಿ ನೋಡಿದೆ. ತೆಂಗಿನ ಬುಡದಲ್ಲಿ ನಾನು ಕೊಟ್ಟ ಬಂಗುಡೆ, ಬೆಂದದ್ದು, ಇಡೀ ಇಡೀ ಬಿದ್ದಿತ್ತು. ತಲೆ ಇದೆ, ಕಿವಿರು ಇದೆ, ಹೊಟ್ಟೆ ಹಾಗೇ ಇದೆ. ಬೆಕ್ಕು ಮುಟ್ಟದ ಮೀನನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬಗ್ಗಿ ಮೂಸಿದರೆ ಇಂಗಿನ ವಾಸನೆ!

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕದ್ದು ತಿನ್ನಲಿ, ಅದು ಅವರ ಮತ್ತು ದೇವರ ನಡುವಿನದ್ದು. ಮೀನನ್ನು ಹೀಗೆ ಹಾಳು ಮಾಡುವುದನ್ನು ನಾನು ಸಹಿಸುವುದಿಲ್ಲ. ದಣಪೆ ದಾಟಿ ಕೊಟ್ಟಿಗೆಯ ಹಿಂದೆ ಹೋದೆ. ದನಗಳಿಗೆ ಹುರುಳಿ ಬೇಯಿಸುವ ಮೂರು ಕಲ್ಲಿನ ಒಲೆಯ ಎದುರು ಅಮ್ಮ ಕೂತಿದ್ದರು.

"ಇದ್ಯಾರಿಗಮ್ಮ ಬೇಸಿದ್ದ್?"

ಅವರು ಎದ್ದು ನಿಂತರು. "ನೀ ಯಾಕ್ ಒಳ್ಗ್ ಬಂದೆ? ಹೋಗ್, ಹೋಗ್."

"ಹೋತೆ. ಯಾರಿಗಂದ್ ಹೇಳಿ, ಹೋತೆ."

"ನಿಂಗ್ ಎಂತಕೆ ಅದ್?"

ಅಷ್ಟರಲ್ಲಿ ಒಳಗಿನಿಂದ ಕೂಗು ಕೇಳಿತು. ಗಂಡಸಿನ ಸ್ವರ, ಒಡೆದ ಸ್ವರ. "ಅರೇ ಓ! ಬಾಂಗ್ಡಾ ಆಣ್ ರೇ! ಕಿತ್ನಾ ಟೈಮ್ ಲಗ್ತಾ ಹೈ?" ಮುಂಬಯಿ ಭಾಷೆ, ಬಂಗುಡೆ ತಾ, ಎಷ್ಟು ಹೊತ್ತು ಎಂದು. ಆಮೇಲೆ ಬಟ್ಟಲು ನೆಲಕ್ಕೆ ಬಿದ್ದ ಸದ್ದು.

ಅಮ್ಮನ ಮುಖ ಇಳಿದುಹೋಯಿತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ನಮ್ಮ್ ಮಾವಯ್ಯ," ಎಂದರು. "ಮೂವತ್ತ್ ವರ್ಷ ಮುಂಬೈ ಹೋಟ್ಲಲ್ ಇದ್ದಿರ್. ಅಲ್ಲಿ ಎಂತ ತಿಂದಿರೋ ನಮಗ್ ಗೊತ್ತಿಲ್ಲ. ಊರಿಗ್ ಬಂದ್ ಇಪ್ಪತ್ತ್ ವರ್ಷ ಇದೇ ದೇವ್ರ ಪೂಜಿ ಮಾಡಿರ್, ಒಂದಿನ ತಪ್ಲಿಲ್ಲ. ಈಗ ಮಂಡೆ ಸಮ ಇಲ್ಲ. ಮಗನ್ ಗುರ್ತ ಇಲ್ಲ, ನನ್ ಗುರ್ತ ಇಲ್ಲ."

"ಬಂಗ್ಡಿ ಗುರ್ತ ಇತ್ತಲ್ದಾ?"

"ಅದೊಂದ್ ಇತ್ತ್." ಅವರು ನಗಲಿಲ್ಲ. "ಗಂಜಿ ಕೊಟ್ರೆ ಉಗಿತ್ರ್. ಹಾಲ್ ಕೊಟ್ರೆ ಚೆಲ್ತ್ರ್. ಡಾಕ್ಟ್ರ್ ಮೂಗಿಗ್ ನಳಿಗೆ ಹಾಕ್ಕ್ ಅಂದ್ರ್, ಹಾಕಿದ್ದನ್ನ ಕಿತ್ತ್ ಬಿಸಾಕಿರ್. ಬರೀ ಎಲುಬ್ ಉಳಿದಿತ್ತ್ ಮಾರಾಯ್ತಿ. ಕಡಿಗ್ ನಾನೇ ಮೀನ್ ತಂದೆ. ಸುರುವಿಗ್ ಆಸಿಗ್ ಎರಡ್ ತುತ್ತ್ ತಿಂದ್ರ್. ಈಗ ಅದನ್ನೂ ಉಗಿತ್ರ್. ಇದ್ ಬಾಂಗ್ಡಾ ಅಲ್ಲ ಅಂತ್ರ್."

"ಮಂಡೆ ಸಮ ಇಲ್ಲ ಅಂಬುದ್ ಸುಳ್ಳ್. ಸಮ ಹೇಳಿರ್ ಅವ್ರ್. ಹೊಟ್ಟಿ ತೆಗಿದೆ ಮೀನ್ ಬೇಸ್ತ್ರಾ ಯಾರಾದ್ರೂ? ಕಹಿ ಆತಿಲ್ಯಾ?"

"ಹೊಟ್ಟಿ ತೆಗಿಕಾ?" ಎಂದು ಕೇಳಿದರು. ಬದನೆಕಾಯಿ ತೊಳೆದ ಹಾಗೆ ಮೂರು ನೀರಲ್ಲಿ ತೊಳೆದು ಇಡೀ ಹಾಕಿದ್ದರಂತೆ. ವಾಸನೆ ಹೋಗಲಿ ಎಂದು ಇಂಗು, ಹುಳಿಗೆ ಹಾಕುವ ಹಾಗೆ ಒಂದು ಚೂರು ಬೆಲ್ಲ.

ನನ್ನ ಬುಟ್ಟಿಯಲ್ಲಿ ಇನ್ನೂ ನಾಲ್ಕು ಬಂಗುಡೆ ಇತ್ತು. ನಾಳೆ ಬೇಯಿಸಿಯೇ ತಂದುಕೊಡುತ್ತೇನೆ ಎಂದೆ. ಬೇಡ ಎಂದರು. ಎಲಾ, ಮೀನು ಒಳಗೆ ಬರಬಹುದು, ನಮ್ಮ ಕೈಯ ಅಡುಗೆ ಬರಬಾರದು ಎಂದು ನನಗೆ ಕುಟುಕಿತು. ಕೇಳಿಯೇ ಬಿಟ್ಟೆ.

"ನಮ್ಮ್ ಕೈ ಆಪುದಿಲ್ದಾ?"

"ಹಾಂಗಲ್ಲ. ಇದ್ರ ಪಾಪ ಇದ್ರೆ ನನ್ ಒಬ್ಳ್ ಮೇಲೇ ಇರ್ಲಿ. ನಿಂಗ್ ಎಂತಕೆ ಹಂಚುದ್?"

ಆ ಮಾತನ್ನು ನಾನು ಅರ್ಧ ನಂಬಿದೆ. ಉಳಿದ ಅರ್ಧವನ್ನು ಇಂದಿಗೂ ನಂಬಿಲ್ಲ. ಆದರೆ ಮೀನು ಹಾಳಾಗುವುದನ್ನು ನೋಡಿ ಸುಮ್ಮನಿರಲಾರೆ. ಮನೆಯ ಕತ್ತಿ ಬೇಡ ಎಂದು ಬುಟ್ಟಿಯಲ್ಲಿದ್ದ ನನ್ನದೇ ಮೆಟ್ಟುಕತ್ತಿ, ಕಾಲಲ್ಲಿ ಮೆಟ್ಟಿ ಕೊಯ್ಯುವ ಈಳಿಗೆ, ತೆಗೆದೆ. ಕಿವಿರು ತೆಗೆಯುವುದು, ಹೊಟ್ಟೆ ಸೀಳುವುದು, ಉಪ್ಪು ತಿಕ್ಕುವುದು ಎಲ್ಲ ತೋರಿಸಿದೆ. ಒಣಮೆಣಸು, ಕೊತ್ತಂಬರಿ ಹುರಿದು ಕಾಯಿಯ ಜೊತೆ ನುಣ್ಣಗೆ ಅರೆದು, ಹುಳಿ ಬಿಟ್ಟು, ಶುಂಠಿ ಜಜ್ಜಿ ಹಾಕಿಸಿದೆ. ಅವರು ಮಸಾಲೆ ಅರೆಯುವುದರಲ್ಲಿ ನನಗಿಂತ ಹುಷಾರು. ಮೀನು ಹಿಡಿಯುವಾಗ ಮಾತ್ರ ಮುಖ ಆಚೆ ಮಾಡಿ ಉಸಿರು ಕಟ್ಟುತ್ತಿದ್ದರು. ತುಟಿ ಆಡುತ್ತಿತ್ತು, ದೇವರ ನಾಮ.

ಮುದುಕರ ಕೋಣೆಯ ಕಿಟಕಿ ಹಿತ್ತಿಲ ಕಡೆಗೆ. ನಾನು ಹೊರಗೆ ನಿಂತು ನೋಡಿದೆ. ಅಮ್ಮ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ ಬಾಯಿಗಿಟ್ಟರು. ಮುದುಕರು ಬಾಯಿ ಆಡಿಸಿದರು, ನಿಲ್ಲಿಸಿದರು. ಈಗ ಉಗಿಯುತ್ತಾರೆ ಎಂದು ನಾನೂ ಹಿಂದೆ ಸರಿದೆ. ಉಗಿಯಲಿಲ್ಲ. "ಹಾಂ," ಎಂದರು. "ಖಾರ ಕಮ್ಮಿ. ನಾಳೆ ಜಾಸ್ತಿ ಹಾಕು ರೇ." ಬಟ್ಟಲು ಖಾಲಿ ಮಾಡಿ ಬೆರಳು ನೆಕ್ಕಿ ಮಲಗಿದರು. ಅಮ್ಮ ಬಾವಿಕಟ್ಟೆಗೆ ಬಂದು ಉಟ್ಟ ಸೀರೆಯ ಮೇಲೆಯೇ ಎಂಟು ಕೊಡ ನೀರು ಸುರಿದುಕೊಂಡರು. ಒದ್ದೆ ಸೀರೆಯಲ್ಲೇ ದೇವರ ಕೋಣೆಗೆ ಹೋದರು.

ಇಷ್ಟು ಕಂಡ ಮೇಲೂ ನನ್ನ ಬುದ್ಧಿ ಬಿಡಲಿಲ್ಲ. ಸೊಸೆ ಮಾವನಿಗೆ ಇಷ್ಟು ಮಾಡುತ್ತಾಳೆಂದರೆ ಏನೋ ಇರಬೇಕು. ಮುದುಕರ ಸಹಿ ಬೀಳುವವರೆಗೆ ಜೀವ ಹಿಡಿಸಿ ಇಡುತ್ತಿರಬೇಕು. ಒಂದು ದಿನ ಮೀನು ಕೊಯ್ಯುತ್ತ ಕೇಳಿದೆ.

"ಅಮ್ಮ, ಗದ್ದಿ ಯಾರ್ ಹೆಸ್ರಲ್ ಇತ್ತ್?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಗದ್ದಿ ನಮ್ಮನಿಯವ್ರ ಹೆಸ್ರಿಗ್ ಬಂದ್ ಹತ್ತ್ ವರ್ಷ ಆಯ್ತ್. ನೀ ಎಂತ ಪೊಲೀಸಾ ಮಾರಾಯ್ತಿ?"

ಇನ್ನೊಂದು ಸಂಶಯ ಉಪ್ಪಿನದ್ದು. ನಾಲ್ಕೈದು ದಿನದಲ್ಲಿ ಅವರ ಮೀನಿನ ಗಸಿಗೆ ಉಪ್ಪು ಅಳೆದ ಹಾಗೆ ಬೀಳತೊಡಗಿತು. ಬೆರಳು ಅದ್ದಿ ನೆಕ್ಕಿ ನೋಡಿದವಳು ನಾನು, ಗೊತ್ತಾಗುತ್ತದೆ. ರುಚಿ ನೋಡದೆ ಉಪ್ಪು ಅಷ್ಟು ಸರಿ ಬೀಳಲಿಕ್ಕೆ ಸಾಧ್ಯವಿಲ್ಲ. ಸಿಕ್ಕಿಬಿದ್ದಿರಿ ಎಂದುಕೊಂಡೆ.

"ರುಚಿ ಕಂಡ್ರ್ಯಾ ಅಮ್ಮ? ನಾನ್ ಯಾರಿಗೂ ಹೇಳ್ತಿಲ್ಲ."

"ನೈವೇದ್ಯಕ್ಕೆ ಯಾರಾದ್ರೂ ರುಚಿ ಕಾಂತ್ರಾ? ದೇವ್ರಿಗಿಂತ ಮುಂಚೆ ನಾಲಿಗಿಗ್ ಮುಟ್ಸೂಕಿಲ್ಲ. ಮದುವಿಯಾದ ಮೇಲೆ ಮೂವತ್ತ್ ವರ್ಷ ಆಯ್ತ್, ಬರೀ ಕೈಯಂದಾಜಲ್ಲೇ ಉಪ್ಪ್ ಹಾಕುದ್."

ದೇವರಿಗೆ ಪಾಯಸ, ಹುಳಿ ಮಾಡಿದ ಅದೇ ಅಂದಾಜಿನ ಕೈ ಬಂಗುಡೆಗೂ ಉಪ್ಪು ಹಾಕುತ್ತಿತ್ತು. ಹುಡುಕಿದರೂ ಕೊಂಕು ಸಿಗಲಿಲ್ಲ. ನನಗೆ ಸ್ವಲ್ಪ ಬೇಜಾರೇ ಆಯಿತು.

"ಭಟ್ರಿಗ್ ಗೊತ್ತಿತ್ತಾ?" ಎಂದೆ.

"ಅವ್ರ್ ಕೇಣ್ಲಿಲ್ಲ."

"ಮೂಗ್ ಇಲ್ದಾ?"

"ಮೂಗ್ ಇತ್ತ್. ಬಾಯ್ ಇಲ್ಲ."

ಮುದುಕರು ಒಂದು ತಿಂಗಳಲ್ಲಿ ಎದ್ದು ಕೂರುವಷ್ಟಾದರು. ನಾನು ದಿನ ಬಿಟ್ಟು ದಿನ ಆ ಹಿತ್ತಿಲಿಗೆ ಹೋಗುತ್ತಿದ್ದೆ. ಅಷ್ಟು ಸಲ ಹೋದರೆ ಯಾರ ಕಣ್ಣಿಗಾದರೂ ಬೀಳಲೇಬೇಕು. ಬಿದ್ದದ್ದು ಆ ದಾಯಾದಿಯ ಕಣ್ಣಿಗೆ. ಪೂಜೆ ತನ್ನ ಕೈಗೆ ಬರಲಿ ಎಂದು ವರ್ಷಗಳಿಂದ ಕಾಯುತ್ತಿದ್ದವನು. ನೈವೇದ್ಯ ಬೇಯುವ ಮನೆಗೆ ಮೀನು ಹೋಗುತ್ತದೆ ಎಂದು ರುಜುವಾದರೆ ಭಟ್ರು ಮರುದಿನ ಗರ್ಭಗುಡಿಗೆ ಕಾಲಿಡುವಂತಿಲ್ಲ. ಹಾಗೆಂದು ಮೀನು ಬಿಡುವ ದಾರಿಯೂ ಆ ಮನೆಗೆ ಇರಲಿಲ್ಲ. ಮೀನು ನಿಂತರೆ ಮುದುಕರು ಉಳಿಯುವುದಿಲ್ಲ. ಇದೆಲ್ಲ ಅವನಿಗೂ ಗೊತ್ತಿತ್ತು ಎಂದೇ ನನ್ನ ಸಂಶಯ.

ಒಂದು ಸಂಜೆ ನನ್ನನ್ನು ದೇವಸ್ಥಾನದ ಅಂಗಳಕ್ಕೆ ಕರೆಸಿದರು. ಊರಿನ ನಾಲ್ಕು ಜನ ಕೂತಿದ್ದರು. ಭಟ್ರು ಕಂಬದ ಹತ್ತಿರ ನೆಲ ನೋಡುತ್ತ ನಿಂತಿದ್ದರು. ಕೇಳಿದವನು ದಾಯಾದಿ.

"ಆ ಮನಿ ಹಿತ್ಲಿಗ್ ಎಂತಕೆ ಹೋತೆ ನೀನ್?"

"ಬಾಳಿ ಎಲಿಗ್. ಮೀನ್ ಕಟ್ಟೂಕೆ ಎಲಿ ಬ್ಯಾಡ್ದಾ? ನಿಮ್ಮನಿ ಎಲಿ ಕೊಡ್ತ್ರ್ಯಾ?"

"ಮೀನ್ ಕೊಟ್ಟಿಲ್ಯಾ?"

"ಭಟ್ರ ಮನಿಗ್ ಮೀನಾ! ನಿಮಗ್ ಮಂಡೆ ಸಮ ಇತ್ತಾ ಅಯ್ಯಾ?"

ಕೂತವರಲ್ಲಿ ಒಬ್ಬರು ನಕ್ಕರು. ಅವನು ನಗಲಿಲ್ಲ. ದೇವರ ಮುಂದಿನ ದೀಪ ತೋರಿಸಿದ. "ದೀಪ ಕಂಡ್ ಹೇಳ್. ಮಗನ್ ಮೇಲ್ ಆಣೆ ಹಾಕಿ ಹೇಳ್."

ಮಗನ ಬೋಟು ಮಲ್ಪೆ ಬಿಟ್ಟು ಮೂರು ದಿನವಾಗಿತ್ತು. ಹತ್ತು ಹನ್ನೆರಡು ದಿನಕ್ಕೆ ಬರುವ ಬೋಟು. ಅದು ತಿಳಿದೇ ಅವನು ಮಗನ ಹೆಸರು ತೆಗೆದ. ಹೆದರಿದೆ, ಸುಳ್ಳು ಹೇಳುವುದಿಲ್ಲ. ದೇವರ ಮುಂದೆ ಸುಳ್ಳು ಆಣೆ ಹಾಕಿದವರ ಮನೆ ಏನಾಯಿತು ಎಂಬ ಕತೆಗಳನ್ನು ಕಿರಿಮಂಜೇಶ್ವರದಲ್ಲಿ ನನ್ನ ಅಬ್ಬೆ ಹೇಳಿಯೇ ನನ್ನನ್ನು ಬೆಳೆಸಿದ್ದು.

ಹಾಕಿದೆ. "ನನ್ ಮಗನ್ ಆಣಿ, ಆ ಮನಿಗ್ ಒಂದ್ ಮೀನೂ ಕೊಡ್ಲಿಲ್ಲ" ಎಂದೆ.

ಕರುಣೆಯಿಂದ ಹಾಕಿದೆ ಎಂದು ಬರೆದರೆ ಓದುವವರಿಗೆ ಚಂದ. ಪೂರ್ತಿ ಹಾಗಲ್ಲ. ಆ ದಾಯಾದಿಯ ಮುಖ ಕಂಡು ಉರಿ ಎದ್ದದ್ದು ನಿಜ. ಅಂದು ಮುದುಕರು ಬೆರಳು ನೆಕ್ಕಿದ್ದು ಕಣ್ಣ ಮುಂದೆ ಬಂದದ್ದೂ ನಿಜ. ಯಾವುದು ಮೊದಲು ಬಂತೋ ನನಗೇ ಗೊತ್ತಿಲ್ಲ.

ಮರುದಿನ ಹಿತ್ತಿಲಿಗೆ ಹೋದಾಗ ಅಮ್ಮನಿಗೆ ಸುದ್ದಿ ಮುಟ್ಟಿತ್ತು.

"ಆಣಿ ಹಾಕ್ದ್ಯಾ?"

"ಹಾಕ್ದೆ."

"ಯಾರ್ ಮೇಲೆ?"

"ಮಗನ್ ಮೇಲೆ."

ಅವರು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದರು. ಎದ್ದು ಒಳಗೆ ಹೋದರು. ಸುಳ್ಳಾಣೆ ಹಾಕಿದವಳ ನೆರಳು ಬೇಡ ಎನಿಸಿರಬೇಕು ಎಂದುಕೊಂಡೆ. ನಾನೇ ಮೀನು ಕೊಯ್ದಿಟ್ಟು ಬಂದೆ.

ಆಮೇಲೆ ದಿನವೂ ಹೋದೆ. ಅಮ್ಮ ಮಾತು ಕಡಿಮೆ ಮಾಡಿದರು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಏನೋ ಕಾಯಿಲೆ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಸಂಶಯ. ಕೇಳಿದರೆ "ಎಂತದೂ ಇಲ್ಲ" ಎಂಬುದೇ ಉತ್ತರ.

ಆರನೇ ದಿನ ಕಿಟಕಿಯ ಒಳಗೆ ಮುದುಕರು ಕೆಮ್ಮತೊಡಗಿದರು. ಕಣ್ಣು ಹೊರಗೆ ಬಂತು. ಅಮ್ಮ ಬಟ್ಟಲು ಹಿಡಿದು ನಿಂತೇ ಇದ್ದರು. ನಾನು ಕೇಳದೆ ಒಳಗೆ ನುಗ್ಗಿದೆ. ಆ ಮನೆಯ ಹೊಸಿಲು ನಾನು ದಾಟಿದ್ದು ಅದೇ ಮೊದಲು. ಗಂಟಲಲ್ಲಿ ಮುಳ್ಳು. ಒಣ ಅನ್ನವನ್ನು ಗಟ್ಟಿ ಉಂಡೆ ಕಟ್ಟಿ, "ಅಗಿಯೂಕಾಗ, ನುಂಗಿ" ಎಂದು ಬಾಯಿಗೆ ತುರುಕಿದೆ. ಎರಡನೇ ಉಂಡೆಗೆ ಮುಳ್ಳು ಇಳಿಯಿತು. ಮುದುಕರು ನನ್ನನ್ನು ನೋಡಿ, "ತೂ ಕೋಣ್?" ಎಂದರು. ಯಾರು ನೀನು ಎಂದು.

ಅಮ್ಮನ ಕಡೆ ತಿರುಗಿ ಬೈದೆ. "ಮುಳ್ ತೆಗುಕೆ ಕಲ್ಸಿದ್ ನಾನಲ್ದಾ? ಎಲ್ಲಿತ್ತ್ ನಿಮ್ಮ್ ಗ್ಯಾನ?" ಎನ್ನುವಾಗ ಅವರ ಬೆರಳು ಕಂಡೆ. ಗಡಗಡ ನಡುಗುತ್ತಿತ್ತು. ಅವರು ಗೋಡೆ ಹಿಡಿದು ಕೆಳಗೆ ಕೂತುಬಿಟ್ಟರು.

ಬಾಗಿಲಲ್ಲಿ ಭಟ್ರು ನಿಂತಿದ್ದರು. ಮಧ್ಯಾಹ್ನದ ಪೂಜೆ ಮುಗಿಸಿ ಬಂದದ್ದು, ಕೈಯಲ್ಲಿ ನೈವೇದ್ಯದ ಪಾತ್ರೆ. ಕೋಣೆಯ ತುಂಬ ಬಂಗುಡೆಯ ವಾಸನೆ. ಮೀನಿನವಳು ನಡುಮನೆಯ ಒಳಗೆ. ಈಗ ಕತೆ ಮುಗಿಯಿತು ಎಂದುಕೊಂಡೆ.

"ಇವ್ಳ್ ಉಣ್ಲಿಲ್ಲ," ಎಂದರು ಭಟ್ರು. "ಆರ್ ದಿನ ಆಯ್ತ್. ಬರೀ ತುಳಸಿ ನೀರ್. ನಿನ್ ಮಗ ದಡಕ್ ಬಪ್ಪಲ್ಲಿವರಿಗೆ ಉಂಬುದಿಲ್ಲ ಅಂತ್ಳ್. ನೀನಾದ್ರೂ ಹೇಳ್."

ಎಲ್ಲ ಗೊತ್ತಿದ್ದ ಮನುಷ್ಯ. ಎಷ್ಟು ದಿನದಿಂದ ಗೊತ್ತಿತ್ತೋ.

ನಾನು ಅಮ್ಮನ ಎದುರು ಕೂತೆ. "ನನ್ ಮಗನಿಗ್ ನಿಮ್ಮ್ ಉಪಾಸ ಎಂತಕೆ? ಇದ್ರಲ್ ನಿಮಗ್ ಎಂತ ಸಿಕ್ಕುತ್ತ್?"

"ನಮ್ಮನಿಗೋಸ್ಕರ ನೀ ನಿನ್ ಮಗನ್ ಪಣಕ್ ಇಟ್ಟೆ," ಎಂದರು. ಸ್ವರವೇ ಇರಲಿಲ್ಲ. "ನಾನ್ ಎಂತ ಇಡ್ಲಿ?"

ಇದನ್ನೂ ಬರೆಯಬೇಕು. ಒಂದು ಗಳಿಗೆ ನನಗೆ, ಇರಲಿ, ಉಪವಾಸ ಇರಲಿ ಎಂದೇ ಅನಿಸಿತು. ಬೋಟು ಬರಲಿಕ್ಕೆ ಇನ್ನೂ ಮೂರ್ನಾಲ್ಕು ದಿನ. ಭಟ್ರ ಮನೆಯ ಅಮ್ಮನ ಉಪವಾಸ, ನನ್ನ ಸೋಮವಾರದ ಹಾಗಲ್ಲ, ದೇವರಿಗೆ ಮುಟ್ಟಿದರೂ ಮುಟ್ಟೀತು. ನಡುವೆ ಮುರಿಸಿದರೆ, ಅಲ್ಲಿ ನೀರಿನ ಮೇಲೆ ಏನಾದರೂ ಆದರೆ? ನಾನು ತಾಯಿ. ಸುಮ್ಮನೆ ಎದ್ದು ಬರುವವಳಿದ್ದೆ. ಆಗ ಮುದುಕರು ಹಿಂದಿನಿಂದ ನನ್ನ ಸೆರಗು ಎಳೆದು, ಇನ್ನೊಂದು ತುತ್ತು ಎಂದು ಬಾಯಿ ತೆರೆದು ತೋರಿಸಿದರು. ಬಟ್ಟಲಲ್ಲಿ ಮೀನಿತ್ತು. ಮುಳ್ಳು ತೆಗೆಯುವ ಬೆರಳು ನೆಲದ ಮೇಲೆ ನಡುಗುತ್ತಿತ್ತು.

"ಭಟ್ರೇ, ಗಂಜಿ ತನ್ನಿ," ಎಂದೆ.

"ಬೋಟ್ ಬರ್ಲಿ," ಎಂದರು ಅಮ್ಮ.

"ಆಣಿ ಹಾಕಿದ್ ನಾನ್. ಹಿಡಿಯುದಿದ್ರೆ ನನ್ನ್ ಹಿಡಿಲಿ. ನಿಮ್ಮನ್ನ್ ನಡುವಲ್ ನಿಲ್ಲಿ ಅಂದವ್ರ್ ಯಾರ್? ನೀವ್ ಬಿದ್ರೆ ಇವ್ರ್ ಒಂದ್ ವಾರ ಇರ್ತ್ರಾ? ಆ ದಾಯಾದಿಗ್ ಹಾಲ್ ಕುಡ್ದಾಂಗ್ ಆತ್. ಉಣ್ಣಿ."

"ಹರಕಿ ಮುರಿಯೂಕಾಗ."

"ಇಲ್ ಮೀನ್ ಬೇಸೂಕ್ ಆತ್, ಗಂಜಿ ಉಂಬೂಕ್ ಆತಿಲ್ಯಾ?"

ಭಟ್ರು ಗಂಜಿಯ ಬಟ್ಟಲು ತಂದರು, ಮೇಲೆ ಮಾವಿನ ಮಿಡಿ. ಹೆಂಡತಿಯ ಮುಂದೆ ಇಟ್ಟು, ತಾವೂ ಅಲ್ಲೇ ಕೂತರು. ಅಮ್ಮ ಕಣ್ಣು ಮುಚ್ಚಿ ತುಂಬ ಹೊತ್ತು ಏನೋ ಹೇಳಿಕೊಂಡರು. ನನ್ನ ಮಗನ ಹೆಸರು ಅದರಲ್ಲಿ ಬಂತು, ಕೇಳಿಸಿತು. ಆಮೇಲೆ ಒಂದು ತುತ್ತು ತೆಗೆದುಕೊಂಡರು. ದವಡೆಯಲ್ಲಿ ಇಟ್ಟುಕೊಂಡು ನನ್ನನ್ನು ಯಾಮಾರಿಸಿ, ನಾನು ಹೋದ ಮೇಲೆ ಉಗಿಯಬಹುದು ಎಂದು ಗಂಟಲನ್ನೇ ನೋಡುತ್ತ ಕೂತೆ. ಬಟ್ಟಲು ಖಾಲಿಯಾಗುವವರೆಗೆ ಕದಲಲಿಲ್ಲ. ಅಷ್ಟರೊಳಗೆ ಮುದುಕರಿಗೆ ಉಳಿದ ಮೀನನ್ನು ನಾನೇ ತಿನ್ನಿಸಿದೆ. ಬೇಡ ಎಂದು ಯಾರೂ ಅನ್ನಲಿಲ್ಲ.

ಆ ಮೂರು ದಿನ ನಾನು ಮಲಗಲಿಲ್ಲ, ಮೀನು ತಿನ್ನಲಿಲ್ಲ, ಎಲೆ ಅಡಿಕೆಯೂ ಹಾಕಲಿಲ್ಲ. ಗಾಳಿ ಬೀಸಿದಾಗಲೆಲ್ಲ ಅಮ್ಮನನ್ನು ಬೈದೆ, ನನ್ನನ್ನು ಬೈದೆ, ದೇವರನ್ನೂ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಗ ಬಂದ. ಬೋಟಿಗೆ ಏನೂ ಆಗಿರಲಿಲ್ಲ, ಬಲೆ ಮಾತ್ರ ಅರ್ಧಕ್ಕರ್ಧ ಹರಿದಿತ್ತು. ಅಡಿಯಲ್ಲಿ ಕಲ್ಲು ಸಿಕ್ಕಿತು ಎಂದ. ಕಲ್ಲಿಗೋ, ನನ್ನ ಸುಳ್ಳಾಣೆಗೋ, ಮುರಿಸಿದ ಹರಕೆಗೋ, ಯಾರಿಗೆ ಗೊತ್ತು. ನಾನು ಕಲ್ಲು ಎಂದೇ ಇಟ್ಟುಕೊಂಡಿದ್ದೇನೆ. ಮಗ ಬಾರದೆ ಹೋಗಿದ್ದರೆ ನಾನು ಇದನ್ನು ಬೇರೆ ರೀತಿ ಹೇಳುತ್ತಿದ್ದೆ, ಆ ಅಮ್ಮನ ಮುಖ ನೋಡುತ್ತಿರಲಿಲ್ಲ. ನನ್ನ ಒಳ್ಳೆಯತನ ಅಷ್ಟೇ ಉದ್ದದ್ದು.

ಅಂದು ಮಧ್ಯಾಹ್ನ ಹಿತ್ತಿಲಿಗೆ ಹೋದೆ. ಅಮ್ಮ ಒಲೆ ಹಚ್ಚಿ ಕಾಯುತ್ತಿದ್ದರು.

"ಬಂದ್ನಾ?"

"ಬಂದ." ಬಲೆಯ ವಿಷಯ ಹೇಳಲಿಲ್ಲ. ಹೇಳಿದರೆ ಮತ್ತೆ ಉಪವಾಸ ಕೂತಾರು. "ನೀವ್ ಉಂಡ್ರ್ಯಾ?"

"ಉಂಡೆ."

ಬೇಗ ಹೇಳಿದರು. ಅಷ್ಟು ಬೇಗ ಬಂದ ಉತ್ತರವನ್ನು ನಾನು ನಂಬುವುದಿಲ್ಲ.

"ಬಾಯ್ ಬಿಡಿ, ಕಾಂಬ."

"ಎಂತ ಹೆಂಗ್ಸ್ ಮಾರಾಯ್ತಿ ನೀನ್!" ಎನ್ನುತ್ತ ಬಾಯಿ ತೆರೆದು ತೋರಿಸಿದರು. ಹಲ್ಲಿನ ಸಂದಿಯಲ್ಲಿ ಬಸಳೆಯ ಚೂರು ಹಸಿರಾಗಿ ಸಿಕ್ಕಿಕೊಂಡಿತ್ತು. ಸರಿ ಎಂದು ಬುಟ್ಟಿ ಇಳಿಸಿದೆ.